ಹುಳು ತಿಂದು ಬಿಟ್ಟ ಎಲೆ



ಕುಣಿಗಲ್ ಸೀಮೆಯ ರೇಷ್ಮೆ ಬೆಳೆಗಾರರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ಹುಳು ನಾಲ್ಕನೆಯ ಜ್ವರದಿಂದ ಎದ್ದು, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಹಸಿವು ಕೆರಳಿ, ಹಾಕಿದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಮುಗಿಬಿದ್ದಾಗ ಸಾಕಣೆ ಮನೆಯಲ್ಲಿ ಏಳುವ ಸದ್ದು ಅದು. ಸಾವಿರಾರು ಪುಟ್ಟ ದವಡೆಗಳು ಒಟ್ಟಿಗೆ ಎಲೆ ಕತ್ತರಿಸುತ್ತಿರುತ್ತವೆ. ಒಂದು ಹುಳು ಹುಟ್ಟಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗವನ್ನು ಈ ಕೊನೆಯ ಹಂತದಲ್ಲೇ ತಿಂದು ಮುಗಿಸುತ್ತದೆ.

ಗಿಡವನ್ನು ಕೀಟ ತಿನ್ನುವ ಈ ಕೆಲಸ ಭೂಮಿಯ ಮೇಲೆ ಸುಮಾರು 40 ಕೋಟಿ ವರ್ಷಗಳಿಂದ ನಡೆಯುತ್ತಿದೆ. ಸದ್ದು ಕಲ್ಲಾಗುವುದಿಲ್ಲ. ತಿಂದ ಹುಳುವಿನ ಮೆತ್ತಗಿನ ಮೈಯೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೆ ತಿಂದು ಬಿಟ್ಟ ಎಲೆ ಉಳಿಯುತ್ತದೆ. ಕೆಸರಿನಲ್ಲಿ ಹೂತು, ಒತ್ತಡಕ್ಕೆ ಸಿಕ್ಕಿ, ಕಲ್ಲಿನ ಪದರದ ನಡುವೆ ಅಚ್ಚಾಗಿ ನಿಂತ ಎಲೆಗಳಲ್ಲಿ ಅಂಚು ಕಚ್ಚಿದ ಗುರುತು, ತೂತು, ಸುರಂಗ, ಗಂಟು ಎಲ್ಲವೂ ಇವತ್ತಿಗೂ ಕಾಣುತ್ತವೆ. ಇಂದಿನ ನನ್ನ ಮಾತು ಆ ಗುರುತುಗಳ ಬಗ್ಗೆ. ಅವನ್ನು ಓದುವ ವಿದ್ಯೆಗೆ ದೊಡ್ಡ ದೊಡ್ಡ ಹೆಸರುಗಳಿವೆ. ಆದರೆ ಆ ವಿದ್ಯೆಯ ಮೊದಲ ಪಾಠ ಗುಬ್ಬಿ, ಕುಣಿಗಲ್, ತುಮಕೂರಿನ ತೋಟಗಾರರಿಗೆ ಆಗಲೇ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ನಮ್ಮ ನೆಲದ ಮಾತು. ದೇವರಾಯನದುರ್ಗ, ಸಿದ್ಧಗಂಗೆ, ಹುತ್ರಿದುರ್ಗಗಳ ಬಂಡೆಗಳಲ್ಲಿ ಕಲ್ಲಾದ ಎಲೆ ಸಿಕ್ಕೀತೇ ಎಂದು ಯಾರಾದರೂ ಕೇಳಿದರೆ, ಸಿಗುವುದಿಲ್ಲ ಎನ್ನಬೇಕು. ನಮ್ಮ ಜಿಲ್ಲೆಯ ಬುಡದಲ್ಲಿರುವ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಮನಗರದಿಂದ ಮಧುಗಿರಿ, ಪಾವಗಡಗಳತ್ತ ಸಾಲಾಗಿ ಎದ್ದು ನಿಂತಿರುವ ಗ್ರಾನೈಟ್ ಬೆಟ್ಟಗಳಿಗೆ ಸುಮಾರು 250 ಕೋಟಿ ವರ್ಷ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆದರು. ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರು 1956ರಲ್ಲಿ ಅದರ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದರು. ಈ ಬಂಡೆಗಳು ಕರಗಿ ಗಟ್ಟಿಯಾದ ಕಾಲದಲ್ಲಿ ಭೂಮಿಯ ಮೇಲೆ ಎಲೆಯೂ ಇರಲಿಲ್ಲ, ಅದನ್ನು ಕಚ್ಚುವ ದವಡೆಯೂ ಇರಲಿಲ್ಲ. ನೆಲದ ಮೇಲೆ ಗಿಡ ಕಾಣಿಸಿಕೊಂಡದ್ದೇ ಸುಮಾರು 47 ಕೋಟಿ ವರ್ಷಗಳ ಹಿಂದೆ. ಅಷ್ಟು ಹೊತ್ತಿಗೆ ನಮ್ಮ ಬೆಟ್ಟಗಳು ಬಹು ಹಳೆಯವಾಗಿದ್ದವು.

ಹಾಗೆಂದು ನಮ್ಮ ಕಲ್ಲು ಬರಿದಲ್ಲ. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. 1986ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಅವುಗಳ ವರ್ಣನೆ ಪ್ರಕಟವಾಯಿತು. ಆಳವಿಲ್ಲದ ನೀರಿನಲ್ಲಿ ಪಾಚಿಯಂತೆ ಹಬ್ಬಿದ್ದ ಸೂಕ್ಷ್ಮಜೀವಿಗಳು ಸುಣ್ಣವನ್ನು ಪದರ ಪದರವಾಗಿ ಕಟ್ಟುತ್ತಾ ಹೋದ ಗುರುತು ಅದು. ಆ ಜೀವಿಗಳ ಮೈ ಉಳಿದಿಲ್ಲ, ಮಾಡಿದ ಕೆಲಸ ಮಾತ್ರ ಉಳಿದಿದೆ. ಹುಳು ತಿಂದ ಎಲೆಯ ಪಳೆಯುಳಿಕೆಯೂ ಇದೇ ಜಾತಿಯದು. ಜೀವಿ ಹೋಗಿದೆ, ಅದರ ನಡವಳಿಕೆ ಉಳಿದಿದೆ. ನನಗೆ ಇಂಥ ಪಳೆಯುಳಿಕೆಗಳ ಮೇಲೆ ಮೂಳೆ, ಚಿಪ್ಪುಗಳಿಗಿಂತ ಹೆಚ್ಚು ಮಮತೆ. ಮೂಳೆಯಿಂದ ಒಂದು ಪ್ರಾಣಿ ಇತ್ತು ಎಂದು ತಿಳಿಯುತ್ತದೆ. ಕಚ್ಚಿದ ಎಲೆಯಿಂದ ಎರಡು ಜೀವಿಗಳ ನಡುವೆ ಒಂದು ದಿನ ಏನು ನಡೆಯಿತು ಎಂಬುದೇ ತಿಳಿಯುತ್ತದೆ.

ಹಾಗಾದರೆ ನಮಗೆ ಹತ್ತಿರದ ಹಳೆಯ ಎಲೆಗಳು ಎಲ್ಲಿವೆ? ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ಮಾಡುತ್ತಿದ್ದಾರಲ್ಲ, ಆ ಕಲ್ಲಿದ್ದಲಿನ ಒಂದು ಪಾಲು ತೆಲಂಗಾಣದ ಸಿಂಗರೇಣಿಯಿಂದ ಬರುತ್ತದೆ. ಗೋದಾವರಿ ಕಣಿವೆಯ ಸಿಂಗರೇಣಿ ಇರಲಿ, ಬಂಗಾಳದ ರಾಣಿಗಂಜ್ ಇರಲಿ, ಜಾರ್ಖಂಡದ ಝರಿಯಾ ಇರಲಿ, ಅಲ್ಲಿನ ಕಲ್ಲಿದ್ದಲೆಲ್ಲ ಪರ್ಮಿಯನ್ ಯುಗದ ಕಾಡು. ಅಂದರೆ ಸುಮಾರು 29 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದಿನದು. ಆಗ ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ ಎಲ್ಲವೂ ಕೂಡಿ ಗೊಂಡ್ವಾನ ಎಂಬ ಒಂದೇ ನೆಲವಾಗಿದ್ದವು. ಆ ನೆಲದ ಜೌಗು ತಗ್ಗುಗಳಲ್ಲೆಲ್ಲ ಗ್ಲಾಸಾಪ್ಟೆರಿಸ್ ಎಂಬ ಮರ ಬೆಳೆದಿತ್ತು. ಉದ್ದನೆಯ ಎಲೆ, ನಡುವೆ ಒಂದು ದಿಂಡು, ಎರಡೂ ಕಡೆ ಬಲೆಯಂಥ ನರಗಳು. ದಕ್ಷಿಣ ಧ್ರುವದಿಂದ ಮರಳುತ್ತಾ 1912ರಲ್ಲಿ ಹಿಮದಲ್ಲಿ ಪ್ರಾಣಬಿಟ್ಟ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಬಿಡದೆ ಎಳೆದು ತಂದಿದ್ದ ಕಲ್ಲುಗಳಲ್ಲಿ ಈ ಎಲೆಯ ಅಚ್ಚು ಇತ್ತು. ತುಮಕೂರಿನ ಒಂದು ಮನೆಯಲ್ಲಿ ರಾತ್ರಿ ದೀಪ ಹತ್ತಿದಾಗ, ಆ ಬೆಳಕಿನಲ್ಲಿ ಈ ಕಾಡಿನ ಬಿಸಿಲೂ ಒಂದಿಷ್ಟು ಸೇರಿರುತ್ತದೆ.

ಆ ಕಾಡಿನ ಎಲೆಗಳನ್ನು ಯಾರೋ ತಿನ್ನುತ್ತಿದ್ದರು. ಚಿಟ್ಟೆ ಇರಲಿಲ್ಲ, ಇರುವೆ ಇರಲಿಲ್ಲ, ಜೇನು ಇರಲಿಲ್ಲ, ಹೂವೇ ಇರಲಿಲ್ಲ. ಮಿಡತೆ, ಜಿರಲೆಗಳ ದೂರದ ಬಂಧುಗಳಿದ್ದವು, ಚೂಪು ಮೂತಿಯಿಂದ ರಸ ಹೀರುವ ಕೀಟಗಳಿದ್ದವು, ದುಂಬಿಗಳ ಮೊದಲ ಪೀಳಿಗೆ ಕಣ್ಣು ಬಿಡುತ್ತಿತ್ತು. ನಮ್ಮ ದೇಶದ ಪರ್ಮಿಯನ್ ಎಲೆಗಳ ಮೇಲೆ ಇಂಥ ಗುರುತುಗಳನ್ನು ಗಮನವಿಟ್ಟು ಹುಡುಕಿದವರು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು. ಎ. ಕೆ. ಶ್ರೀವಾಸ್ತವ ಅವರು 1980ರ ದಶಕದಲ್ಲೇ ರಾಣಿಗಂಜ್ ಕಲ್ಲಿದ್ದಲು ಪ್ರದೇಶದ ಎಲೆಗಳನ್ನೂ ಕೀಟಗಳನ್ನೂ ಜೋಡಿಸಿ ಬರೆದರು. 2011ರಲ್ಲಿ ದೀಪಾ ಅಗ್ನಿಹೋತ್ರಿ ಅವರೊಂದಿಗೆ ಸೇರಿ ಭಾರತದ ಆದಿ ಪರ್ಮಿಯನ್ ಸಸ್ಯಗಳ ಮೇಲಿನ ಕೀಟಗುರುತುಗಳ ಬಗ್ಗೆ ಇನ್ನೊಂದು ಲೇಖನ ಪ್ರಕಟಿಸಿದರು.

ಆ ಸಂಸ್ಥೆಯ ಹುಟ್ಟಿನ ಕಥೆಯನ್ನು ಎರಡು ಮಾತಿನಲ್ಲಾದರೂ ಹೇಳಲೇಬೇಕು. ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ ಅವರು ದೇಶ ವಿದೇಶದ ಪಳೆಯುಳಿಕೆಗಳನ್ನು ಕೂಡಿಸಿ ಹಾಕಿ ಅಡಿಗಲ್ಲು ಮಾಡಿಸಿದರು. 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರು ಅದನ್ನು ಇಟ್ಟರು. ಒಂದು ವಾರ ಕಳೆಯುವುದರೊಳಗೆ ಸಾಹ್ನಿಯವರು ತೀರಿಕೊಂಡರು. ಪತ್ನಿ ಸಾವಿತ್ರಿ ಸಾಹ್ನಿ ಎದೆಗುಂದದೆ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದರು. ಇವತ್ತು ನಮ್ಮ ದೇಶದಲ್ಲಿ ಕಲ್ಲಾದ ಎಲೆಯ ಬಗ್ಗೆ ಯಾರೇ ಮಾತನಾಡಲಿ, ಆ ಹೆಣ್ಣುಮಗಳ ಋಣ ಅದರಲ್ಲಿ ಇದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಕಲ್ಲಿನ ಮೇಲೆ ಒಂದು ಹರಿದ ಎಲೆ ಕಾಣುತ್ತದೆ. ಅದನ್ನು ಹುಳುವೇ ತಿಂದಿತು ಎಂದು ಹೇಗೆ ಹೇಳುವುದು? ಗಾಳಿಗೆ ಹರಿದಿರಬಹುದು. ಬಿದ್ದ ಮೇಲೆ ನೀರಿನಲ್ಲಿ ಉರುಳಿ ಸವೆದಿರಬಹುದು, ಕೊಳೆತಿರಬಹುದು. ಇದಕ್ಕೆ ಉತ್ತರ ಕೊಡುವುದು ಎಲೆಯೇ. ಜೀವಂತ ಎಲೆಯನ್ನು ಕಚ್ಚಿದರೆ ಅದು ಗಾಯವನ್ನು ಮುಚ್ಚಿಕೊಳ್ಳುತ್ತದೆ. ಕಚ್ಚಿದ ಅಂಚಿನ ಸುತ್ತ ಹೊಸ ಕೋಶಗಳು ದಪ್ಪಗೆ ಕಟ್ಟಿ, ಕಂದು ಬಣ್ಣದ ಒಂದು ಅಂಚುಪಟ್ಟಿ ಮೂಡುತ್ತದೆ. ನಿಮ್ಮ ಹಿತ್ತಲಿನ ದಾಸವಾಳದ ಎಲೆಯನ್ನೋ ಮಾವಿನ ಎಲೆಯನ್ನೋ ಬಿಸಿಲಿಗೆ ಹಿಡಿದು ನೋಡಿದರೆ ಈ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಸತ್ತ ಎಲೆಗೆ ಈ ಶಕ್ತಿ ಇಲ್ಲ. ಕೆಸರಿನಲ್ಲಿ ಹರಿದ ಎಲೆಯ ಅಂಚು ಬೋಳಾಗಿಯೇ ಉಳಿಯುತ್ತದೆ. 25 ಕೋಟಿ ವರ್ಷ ಕಳೆದರೂ ಕಲ್ಲಿನ ಮೇಲೆ ಆ ದಪ್ಪ ಅಂಚು ಕಪ್ಪು ಗೆರೆಯಾಗಿ ನಿಂತಿರುತ್ತದೆ. ಜೊತೆಗೆ ಇನ್ನೂ ಕೆಲವು ಸುಳಿವುಗಳಿವೆ. ಹುಳು ಮೆತ್ತಗಿನ ಭಾಗ ತಿಂದು ಗಡುಸಾದ ನರವನ್ನು ಬಿಟ್ಟಿರುತ್ತದೆ, ನರದ ತುದಿಗಳು ಕಚ್ಚಿದ ಅಂಚಿನಿಂದ ಹೊರಗೆ ಚಾಚಿಕೊಂಡಿರುತ್ತವೆ. ಅಂಚು ತಿನ್ನುವ ಕಂಬಳಿಹುಳು ಎಲೆಯ ಬದಿಯನ್ನು ಕಾಲುಗಳ ನಡುವೆ ಹಿಡಿದು ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತದೆ. ಆದ್ದರಿಂದ ಕತ್ತರಿಸಿದ ಜಾಗ ಬಿಲ್ಲಿನಾಕಾರಕ್ಕೆ ಬರುತ್ತದೆ. ಕುಣಿಗಲ್ಲಿನ ರೇಷ್ಮೆ ಹುಳು ಬಿಟ್ಟ ಎಲೆಯಲ್ಲೂ ಅದೇ ಬಾಗು, ರಾಣಿಗಂಜಿನ ಕಲ್ಲಿನಲ್ಲೂ ಅದೇ ಬಾಗು.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಾನ್ರಾಡ್ ಲಬಾಂಡೇರ ಮತ್ತು ಸಂಗಡಿಗರು 2007ರಲ್ಲಿ ಇಂಥ ಗುರುತುಗಳಿಗೆಲ್ಲ ನಂಬರು ಕೊಟ್ಟು, ಚಿತ್ರ ಸಹಿತ ಒಂದು ಕೈಪಿಡಿ ಮಾಡಿದರು. ತೂತು ಮಾಡಿ ತಿನ್ನುವುದು, ಅಂಚಿನಿಂದ ತಿನ್ನುವುದು, ನರ ಉಳಿಸಿ ಬಲೆಯಾಗಿಸುವುದು, ಮೇಲ್ಮೈ ಮಾತ್ರ ಕೆರೆಯುವುದು, ಚುಚ್ಚಿ ಹೀರುವುದು, ಎಲೆಯೊಳಗೆ ಸುರಂಗ ಕೊರೆಯುವುದು, ಗಂಟು ಕಟ್ಟಿಸುವುದು, ಮೊಟ್ಟೆ ಇಡುವುದು ಎಂದು ದೊಡ್ಡ ಗುಂಪುಗಳು, ಅವುಗಳೊಳಗೆ ನೂರಕ್ಕೂ ಹೆಚ್ಚು ಬಗೆಗಳು. ಈ ಕೈಪಿಡಿ ಬಂದ ಮೇಲೆ ಯಾವ ದೇಶದ ಎಲೆಯನ್ನಾದರೂ ಇನ್ನೊಂದು ದೇಶದ ಎಲೆಯೊಂದಿಗೆ ಹೋಲಿಸಲು ಸಾಧ್ಯವಾಯಿತು.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಸುರಂಗ. ಮನೆಯ ಹಿಂದಿನ ನಿಂಬೆ ಗಿಡದ ಎಳೆಯ ಎಲೆಯಲ್ಲಿ ಬೆಳ್ಳಗೆ ಹೊಳೆಯುತ್ತಾ ಅಂಕುಡೊಂಕಾಗಿ ಹರಿದ ಗೆರೆಯನ್ನು ಎಲ್ಲರೂ ಕಂಡಿದ್ದೀರಿ. ರೈತರು ರಂಗೋಲಿ ಹುಳು ಎನ್ನುತ್ತಾರೆ. ಪುಟ್ಟ ಪತಂಗದ ಮರಿ ಎಲೆಯ ಮೇಲಿನ ಮತ್ತು ಕೆಳಗಿನ ಸಿಪ್ಪೆಗಳ ನಡುವೆ ತಿನ್ನುತ್ತಾ ಸಾಗಿದ ದಾರಿ ಅದು. ಮೊಟ್ಟೆ ಒಡೆದ ಜಾಗದಲ್ಲಿ ದಾರಿ ದಾರದಷ್ಟು ಸಣ್ಣ. ಮರಿ ಬೆಳೆದಂತೆ ದಾರಿಯೂ ಅಗಲವಾಗುತ್ತದೆ, ನಡುವೆ ಹಿಕ್ಕೆಯ ಕಪ್ಪು ಗೆರೆ ಸಾಗುತ್ತದೆ. ಒಂದು ಜೀವಿಯ ಬಾಲ್ಯ ಪೂರ್ತಿ ಒಂದೇ ಎಲೆಯಲ್ಲಿ, ಮೊದಲಿಂದ ಕೊನೆಯವರೆಗೆ, ಬರೆದಿಟ್ಟಂತಿರುತ್ತದೆ. ಇಂಥ ಸುರಂಗಗಳು ಇರುವ ಪಳೆಯುಳಿಕೆ ಎಲೆಗಳು 20 ಕೋಟಿ ವರ್ಷಕ್ಕೂ ಹಿಂದಿನವು ಸಿಕ್ಕಿವೆ. ಹೆಸರೂ ಗೊತ್ತಿಲ್ಲದ ಆ ಹುಳು ಎಷ್ಟು ಸಲ ತಿರುಗಿತು, ಎಲ್ಲಿ ದಪ್ಪ ನರ ಅಡ್ಡ ಬಂದು ದಾರಿ ಬದಲಿಸಿತು ಎಂಬುದನ್ನು ಇವತ್ತು ಲೆಕ್ಕ ಹಾಕಬಹುದು.

ಗಂಟುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ತುಮಕೂರು ಗುಬ್ಬಿ ರಸ್ತೆಯ ಬದಿಯ ಯಾವ ಹೊಂಗೆ ಮರವನ್ನು ನೋಡಿದರೂ ಎಲೆಗಳ ಮೇಲೆ ಗುಳ್ಳೆ ಗುಳ್ಳೆಯಾಗಿ ಗಂಟುಗಳಿರುತ್ತವೆ. ಹುಳುವಿನ ಕೆಲಸ ಎಂದುಕೊಳ್ಳುವುದು ಸಹಜ. ಆದರೆ ಅದನ್ನು ಮಾಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿ. ತೆಂಗಿನಕಾಯಿಯ ತೊಟ್ಟಿನಡಿ ಸೇರಿ ಕಾಯಿಯ ಮೇಲೆ ಕಂದು ಕಲೆ ಬೀಳಿಸುವ ನುಸಿಯ ಬಂಧುವೇ ಅದು. ನುಸಿ ಕೀಟವಲ್ಲ, ಜೇಡದ ಕುಲಕ್ಕೆ ಸೇರಿದ್ದು. ಇಂದಿನ ಹೊಂಗೆಯಲ್ಲೇ ಹೀಗೆ ತಪ್ಪು ತಿಳಿಯುವ ಸಂಭವ ಇದ್ದರೆ, ಗಂಟು ಕಟ್ಟಿದ ಜೀವಿ ಪೂರ್ತಿ ಮಾಯವಾದ ಕಲ್ಲಿನ ಎಲೆಯಲ್ಲಿ ಎಷ್ಟು ಎಚ್ಚರ ಬೇಕು ನೋಡಿ. ಅದಕ್ಕೇ ಆ ಕೈಪಿಡಿಯ ಹೆಸರಿನಲ್ಲೇ ಕೀಟ ಮತ್ತು ಇತರ ಜೀವಿಗಳ ಗುರುತು ಎಂದು ಹೇಳಿಕೊಂಡಿದ್ದಾರೆ.

ಈಗ ತೆಂಗಿನ ತೋಟಕ್ಕೆ ಬನ್ನಿ. ಗುಬ್ಬಿಯ ಯಾವ ತೋಟದಲ್ಲಾದರೂ ತಲೆಯೆತ್ತಿ ನೋಡಿದರೆ ಕೆಲವು ಗರಿಗಳಲ್ಲಿ ತ್ರಿಕೋನಾಕಾರಕ್ಕೆ ಕತ್ತರಿಸಿ ತೆಗೆದಂತೆ ಕಾಣುತ್ತದೆ. ತೋಟದ ಯಜಮಾನ ಒಂದು ಕ್ಷಣವೂ ಯೋಚಿಸದೆ, “ದುಂಬಿ ಹೊಡ್ದೈತೆ” ಅನ್ನುತ್ತಾನೆ. ಆತ ದುಂಬಿಯನ್ನು ಕಂಡಿರುವುದಿಲ್ಲ. ಅದು ಬಂದು ಹೋಗಿ ಎಷ್ಟೋ ದಿನ ಆಗಿರುತ್ತದೆ. ಕೊಂಬಿನ ದುಂಬಿ ರಾತ್ರಿ ಹಾರಿ ಬಂದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆದು ರಸ ಹೀರುತ್ತದೆ. ಸುಳಿಯಲ್ಲಿ ಗರಿ ಮಡಿಚಿಕೊಂಡಿರುತ್ತದೆ. ಬಣ್ಣದ ಕಾಗದ ಮಡಿಸಿ ಒಂದು ಕತ್ತರಿ ಹಾಕಿ ಬಿಡಿಸಿದರೆ ಒಂದೇ ಆಕಾರ ಸಾಲಾಗಿ ಮೂಡುವ ಹಾಗೆ, ಆ ಗರಿ ಬಿಚ್ಚಿಕೊಂಡಾಗ ಎರಡೂ ಕಡೆ ಸಮನಾದ ಕತ್ತರಿಕೆ ಕಾಣುತ್ತದೆ. ಗುರುತಿನ ಆಕಾರದಿಂದ ಕೀಟ ಯಾವುದು, ಎಲೆ ಯಾವ ವಯಸ್ಸಿನಲ್ಲಿದ್ದಾಗ ಕಡಿಯಿತು, ಎಲ್ಲಿ ಕುಳಿತು ಕಡಿಯಿತು ಎಂಬ ಮೂರನ್ನೂ ಆತ ಹೇಳಬಲ್ಲ.

2000ದಲ್ಲಿ ಪೀಟರ್ ವಿಲ್ಫ್, ಲಬಾಂಡೇರ ಮತ್ತು ಸಂಗಡಿಗರು ಮಾಡಿದ್ದೂ ಇದನ್ನೇ. ಅಮೆರಿಕದ ನಾರ್ತ್ ಡಕೋಟ ಮತ್ತು ವಯೋಮಿಂಗ್‌ಗಳಲ್ಲಿ ಸಿಕ್ಕ ಶುಂಠಿ ಕುಲದ ಎಲೆಗಳ ಪಳೆಯುಳಿಕೆಗಳಲ್ಲಿ, ನರಗಳಿಗೆ ಸಮಾನಾಂತರವಾಗಿ ಕೆರೆದ ಉದ್ದುದ್ದನೆಯ ಪಟ್ಟೆಗಳು ಇದ್ದವು. ಅವುಗಳಲ್ಲಿ ಹಳೆಯವು ಡೈನೊಸಾರ್‌ಗಳ ಕೊನೆಯ ದಿನಗಳ ಎಲೆಗಳು. ಇಂದು ಮಧ್ಯ ಅಮೆರಿಕದ ಕಾಡುಗಳಲ್ಲಿ ಇನ್ನೂ ಸುತ್ತಿಕೊಂಡೇ ಇರುವ ಎಳೆಯ ಎಲೆಯೊಳಗೆ ವಾಸಿಸಿ ತಿನ್ನುವ ಒಂದು ಜಾತಿಯ ದುಂಬಿಗಳು ಇಂಥದೇ ಗುರುತು ಬಿಡುತ್ತವೆ. ಆ ದುಂಬಿಯ ಮೈಯ ಪಳೆಯುಳಿಕೆಗಳು ಹೇಳುತ್ತಿದ್ದುದಕ್ಕಿಂತ ಕನಿಷ್ಠ 2 ಕೋಟಿ ವರ್ಷ ಮೊದಲೇ ಆ ಕುಲ ಇತ್ತು ಎಂದು ಅವರು ತೀರ್ಮಾನಿಸಿದರು. ಮೈ ಸಿಗದಿದ್ದರೂ ಊಟದ ಗುರುತಿನಿಂದ ಒಂದು ಕುಲದ ವಯಸ್ಸು ಹೇಳಿದ್ದು ದೊಡ್ಡ ಸುದ್ದಿಯಾಯಿತು.

ಆದರೆ 2008ರಲ್ಲಿ ಬೇರೆ ಸಂಶೋಧಕರು ಅದನ್ನು ಪ್ರಶ್ನಿಸಿದರು. ಇಂದಿನ ಶುಂಠಿ ಜಾತಿಯ ಎಲೆಗಳ ಮೇಲಿನ ಗುರುತುಗಳನ್ನು ಹೋಲಿಸಿ ನೋಡಿ, ಇದು ಆ ದುಂಬಿಯದೇ ಎಂದು ಖಚಿತವಾಗಿ ಹೇಳಲು ಸಾಕ್ಷ್ಯ ಸಾಲದು ಎಂದರು. ಅವರ ಮಾತಿನಲ್ಲಿ ತೂಕ ಇದೆ ಎಂದು ನನಗೆ ಅನ್ನಿಸುವುದು ನಮ್ಮ ಹೊಲಗಳನ್ನು ನೋಡಿದಾಗ. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನಮ್ಮ ಕರ್ನಾಟಕದಲ್ಲೇ ಪತ್ತೆಯಾದ ಸೈನಿಕ ಹುಳು ಮೆಕ್ಕೆಜೋಳದ ಸುಳಿಯೊಳಗೆ ಕುಳಿತು ತಿನ್ನುತ್ತದೆ. ಸುಳಿ ಬಿಚ್ಚಿದಾಗ ಎಲೆಗೆ ಅಡ್ಡಲಾಗಿ ಸಾಲು ತೂತು. ಅದು ಪತಂಗದ ಮರಿ, ದುಂಬಿಯಲ್ಲ. ಸುತ್ತಿಕೊಂಡ ಎಲೆಯನ್ನು ತಿನ್ನುವ ವಿದ್ಯೆ ಒಂದೇ ಕುಲದ ಸೊತ್ತಲ್ಲ. ಎಲೆ ಸುತ್ತಿತ್ತು ಎಂಬುದನ್ನು ಗುರುತು ಖಂಡಿತ ಹೇಳುತ್ತದೆ. ತಿಂದವರು ಯಾರು ಎಂಬುದಕ್ಕೆ ಇನ್ನಷ್ಟು ಸಾಕ್ಷಿ ಬೇಕು.

ರೇಷ್ಮೆ ಹುಳುವೂ ಇದೇ ಎಚ್ಚರಿಕೆ ಕೊಡುತ್ತದೆ. ಚಾಕಿ ಹಂತದ, ಅಂದರೆ ಇನ್ನೂ ಎಳೆಯದಾದ, ಮರಿಗೆ ಎಲೆಯನ್ನು ಕತ್ತರಿಸುವ ಬಲ ಇಲ್ಲ. ಅದು ಎಳೆ ಎಲೆಯ ಮೇಲ್ಮೈಯನ್ನಷ್ಟೇ ಕೆರೆದು ತಿನ್ನುತ್ತದೆ, ಉಳಿದದ್ದು ಬಲೆಯಂತೆ ಕಾಣುತ್ತದೆ. ಅದೇ ಹುಳು ಬಲಿತ ಮೇಲೆ ಅಂಚಿನಿಂದ ಹಿಡಿದು ದಿಂಡಿನವರೆಗೆ ಇಡೀ ಎಲೆಯನ್ನು ತಿನ್ನುತ್ತದೆ. ಈ ಎರಡು ಎಲೆಗಳು ಕಲ್ಲಾಗಿ ಎರಡು ಕೋಟಿ ವರ್ಷದ ನಂತರ ಯಾರಿಗಾದರೂ ಸಿಕ್ಕರೆ, ಇವು ಎರಡು ಬೇರೆ ಬೇರೆ ಹುಳುಗಳ ಕೆಲಸ ಎಂದು ಬರೆದುಕೊಳ್ಳುವ ಸಂಭವ ಇದೆ. ಆದ್ದರಿಂದ ಗುರುತಿನ ಬಗೆಗಳನ್ನು ಎಣಿಸಿ ಕೀಟಗಳ ಜಾತಿಗಳನ್ನು ಎಣಿಸಿದಂತಾಯಿತು ಎಂದುಕೊಳ್ಳಬಾರದು. ಒಂದು ಕಾಡಿನಲ್ಲಿ ತಿನ್ನುವ ಬಗೆಗಳು ಎಷ್ಟಿದ್ದವು ಎಂಬುದಷ್ಟೇ ಆ ಲೆಕ್ಕದಿಂದ ಸಿಗುತ್ತದೆ. ಆದರೆ ಅಷ್ಟು ಸಿಕ್ಕರೂ ಅದು ಬಹಳ.

ಇದೆಲ್ಲ ಶುರುವಾದದ್ದು ಎಲ್ಲಿಂದ? ಸ್ಕಾಟ್ಲೆಂಡಿನ ರೈನಿ ಎಂಬ ಊರಿನಲ್ಲಿ ಬಿಸಿನೀರಿನ ಬುಗ್ಗೆಗಳ ಪಕ್ಕ ಬೆಳೆದ ಪುಟ್ಟ ಗಿಡಗಳು, ಆ ನೀರಿನ ಸಿಲಿಕಾ ಕಟ್ಟಿ ಕೋಶಗಳ ಸಮೇತ ಕಲ್ಲಾಗಿವೆ. ವಿಲಿಯಂ ಮ್ಯಾಕಿ ಎಂಬ ವೈದ್ಯರು 20ನೇ ಶತಮಾನದ ಆರಂಭದಲ್ಲಿ ಅದನ್ನು ಕಂಡುಹಿಡಿದರು. ಅದಕ್ಕೆ ಸುಮಾರು 40 ಕೋಟಿ 70 ಲಕ್ಷ ವರ್ಷ ವಯಸ್ಸು. ಅಲ್ಲಿನ ಗಿಡಗಳಿಗೆ ಅಗಲವಾದ ಎಲೆಯೇ ಇಲ್ಲ, ಬರೀ ಕಾಂಡ. ಆ ಕಾಂಡಗಳ ಮೇಲೆ ಚುಚ್ಚಿದ ಗಾಯಗಳೂ, ಪಕ್ಕದಲ್ಲಿ ಗಿಡದ ಬೀಜಾಣುಗಳು ತುಂಬಿದ ಪುಟ್ಟ ಹಿಕ್ಕೆಗಳೂ ಸಿಕ್ಕಿವೆ. ಅಂದರೆ ಗಿಡ ಎಲೆ ಬಿಡುವ ಮೊದಲೇ ಅದನ್ನು ತಿನ್ನುವವರು ಹಾಜರಿದ್ದರು.

ಮುಂದೆ ಒಂದು ದೊಡ್ಡ ಅನಾಹುತದ ಸಾಕ್ಷಿಯನ್ನೂ ಈ ಎಲೆಗಳೇ ಹೇಳಿದವು. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಕ್ಷುದ್ರಗ್ರಹ ಅಪ್ಪಳಿಸಿ ಡೈನೊಸಾರ್‌ಗಳು ಅಳಿದವು ಎಂಬುದು ಮಕ್ಕಳಿಗೂ ಗೊತ್ತು. ಕೀಟಗಳ ಗತಿ ಏನಾಯಿತು? ಕೀಟದ ಮೈ ಹುಡುಕಿದವರಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. 2002ರಲ್ಲಿ ನಾರ್ತ್ ಡಕೋಟದ 13 ಸಾವಿರಕ್ಕೂ ಹೆಚ್ಚು ಸಸ್ಯ ಪಳೆಯುಳಿಕೆಗಳನ್ನು ಒಂದೊಂದಾಗಿ ನೋಡಿ ಲಬಾಂಡೇರ, ಕಿರ್ಕ್ ಜಾನ್ಸನ್, ವಿಲ್ಫ್ ಉತ್ತರ ಕೊಟ್ಟರು. ಯಾವ ಗಿಡವನ್ನಾದರೂ ತಿನ್ನುವ ಕೀಟಗಳ ಗುರುತು ಮುಂದುವರಿದಿದೆ. ಒಂದೇ ಗಿಡವನ್ನು ನೆಚ್ಚಿದ್ದ ಸುರಂಗದ ಹುಳು, ಗಂಟಿನ ಹುಳುಗಳ ಗುರುತು ಬಹುತೇಕ ಅಳಿಸಿಹೋಗಿದೆ. ಗಿಡ ಸತ್ತಾಗ ಅದನ್ನೇ ನಂಬಿದವರೂ ಸತ್ತರು. ಅಲ್ಲಿನ ಎಲೆಗಳಲ್ಲಿ ಹಳೆಯ ವೈವಿಧ್ಯ ಮರಳಲು ಸುಮಾರು 90 ಲಕ್ಷ ವರ್ಷ ಹಿಡಿಯಿತು. ದೂರದ ಪ್ಯಾಟಗೋನಿಯದಲ್ಲಿ ಅದು ಸುಮಾರು 40 ಲಕ್ಷ ವರ್ಷಕ್ಕೇ ಮರಳಿತು ಎಂದು 2016ರ ಅಧ್ಯಯನ ತೋರಿಸಿತು.

ಆ ಕ್ಷುದ್ರಗ್ರಹ ಅಪ್ಪಳಿಸಿದ ಕಾಲದಲ್ಲೇ ನಮ್ಮ ದಖ್ಖನಿನಲ್ಲಿ ಲಾವಾ ಹರಿಯುತ್ತಿತ್ತು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಾಗ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ಮುಂದಿನ ಲಾವಾ ಅವುಗಳ ಮೇಲೆ ಮುಚ್ಚಿತು. ಹಿಂದಿನ ಗುಲ್ಬರ್ಗಾ ಜಿಲ್ಲೆಯ ಗುರುಮಠಕಲ್ ಸುತ್ತ ಇಂಥ ಕೆರೆಗಳ ಹೂಳು ಕಲ್ಲಾಗಿ ಸಿಗುತ್ತದೆ. ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳನ್ನೂ ನೀರುಪಾಚಿಯ ಉಳಿಕೆಗಳನ್ನೂ ವಿಜ್ಞಾನಿಗಳು ಅಲ್ಲಿ ಕಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಹುಳು ತಿಂದ ಹಳೆಯ ಎಲೆಯನ್ನು ಹುಡುಕಬೇಕಾದರೆ ನಾನು ಮೊದಲು ಬೆರಳು ತೋರಿಸುವುದು ಆ ಕಡೆಗೆ. ನಮ್ಮ ವಿಶ್ವವಿದ್ಯಾಲಯಗಳ ಎಳೆಯರು ಸುತ್ತಿಗೆ, ಭೂತಗನ್ನಡಿ ಹಿಡಿದು ಅಲ್ಲಿಗೆ ಹೋಗಬೇಕು ಎಂಬುದು ನನ್ನ ಹಂಬಲ.

ಕೀಟದ ಮೈಯೇ ಉಳಿದ ಜಾಗವೂ ದೇಶದಲ್ಲಿ ಇದೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ಸಿಗುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 150 ಕಿಲೊ ಅಂಬರ್‌ನಿಂದ 700ಕ್ಕೂ ಹೆಚ್ಚು ಕೀಟ, ಜೇಡ ಮೊದಲಾದವು ಹೊರಬಂದವು. ಆ ಅಂಟು ಸುರಿಸಿದ ಮರ ನಮ್ಮ ಮಲೆನಾಡಿನ ಧೂಪದ ಮರದ ಕುಲದ್ದೇ. ಅಂಬರ್‌ನಲ್ಲಿ ದವಡೆ ಸಿಕ್ಕಿತು, ಕಲ್ಲಾದ ಎಲೆಯಲ್ಲಿ ಕಚ್ಚಿದ ಗುರುತು ಸಿಗುತ್ತದೆ. ಎರಡೂ ಒಂದೇ ಜಾಗದಲ್ಲಿ ಸಿಗುವುದು ಬಹಳ ಅಪರೂಪ.

ಇದೆಲ್ಲ ಹಳೆಯ ಕಥೆಯಾಗಿ ಮುಗಿದಿದ್ದರೆ ನಾನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. 5 ಕೋಟಿ 60 ಲಕ್ಷ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏಕಾಏಕಿ ಹೆಚ್ಚಿ ಭೂಮಿ ಬಿಸಿಯಾಯಿತು. ಎಲೆನ್ ಕರಾನೊ ಮತ್ತು ಸಂಗಡಿಗರು ವಯೋಮಿಂಗಿನ 5 ಸಾವಿರಕ್ಕೂ ಹೆಚ್ಚು ಎಲೆಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಕೊಟ್ಟರು. ಬಿಸಿ ಏರಿದ ಕಾಲದ ಎಲೆಗಳಲ್ಲಿ ನೂರಕ್ಕೆ 57 ಹುಳು ತಿಂದಂಥವು, ಅದಕ್ಕೆ ಮೊದಲೂ ನಂತರವೂ 40ಕ್ಕಿಂತ ಕಡಿಮೆ. ಬಿಸಿಯಾದಾಗ ಕೀಟಗಳು ಬೇಗ ಬೆಳೆಯುತ್ತವೆ, ಹೊಸ ಕೀಟಗಳು ವಲಸೆ ಬರುತ್ತವೆ. ಇಂಗಾಲ ಹೆಚ್ಚಿದ ಗಾಳಿಯಲ್ಲಿ ಬೆಳೆದ ಎಲೆಯಲ್ಲಿ ಸಾರಜನಕದ ಅಂಶ ಇಳಿಯುತ್ತದೆ, ಆದ್ದರಿಂದ ಹೊಟ್ಟೆ ತುಂಬಲು ಹುಳು ಇನ್ನಷ್ಟು ತಿನ್ನಬೇಕಾಗುತ್ತದೆ. ತೆಂಗಿನ ಕಪ್ಪು ತಲೆ ಹುಳು, ಬಿಳಿ ನೊಣಗಳ ಹಾವಳಿಯನ್ನು ಅನುಭವಿಸಿದ ನಮ್ಮ ಜಿಲ್ಲೆಯವರಿಗೆ ಇದು ದೂರದ ಸಂಗತಿಯಾಗಿ ಕೇಳಿಸಲಾರದು. ಒಂದೊಂದು ಪೀಡೆಗೂ ತನ್ನದೇ ಕಾರಣಗಳಿವೆ, ಎಲ್ಲವನ್ನೂ ಬಿಸಿಲಿನ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಹೆಚ್ಚುತ್ತಿದೆಯೇ ಕಡಿಮೆಯಾಗುತ್ತಿದೆಯೇ ಎಂದು ಹೇಳಲು ಹಿಂದಿನ ಎಲೆಗಳು ನಮ್ಮ ಕೈಯಲ್ಲಿ ಇರಬೇಕಲ್ಲ?

ಒಣಗಿಸಿಟ್ಟ ಎಲೆಗಳ ಸಂಗ್ರಹಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅಮೆರಿಕದ ಈಶಾನ್ಯ ರಾಜ್ಯಗಳ ನೂರು ವರ್ಷಗಳ ಒಣ ಮಾದರಿಗಳನ್ನು ನೋಡಿ, ಹುಳು ತಿನ್ನುವುದು ಈಚೆಗೆ ಹೆಚ್ಚಿದೆ ಎಂದು 2019ರಲ್ಲಿ ತೋರಿಸಿದ್ದಾರೆ. ನಮ್ಮಲ್ಲೂ ಇಂಥ ಸಂಗ್ರಹ ಇದೆ. ಪಕ್ಕದ ಹಾಸನ ಜಿಲ್ಲೆಯ ಗಿಡಗಳನ್ನೆಲ್ಲ ಸಿಸಿಲ್ ಸಲ್ಡಾನ ಅವರ ತಂಡ ಊರೂರು ಅಲೆದು ಕೂಡಿಸಿತು. ಸ್ಮಿತ್ಸೋನಿಯನ್‌ನ ಡಾನ್ ನಿಕೊಲ್ಸನ್ ಅವರೊಂದಿಗೆ ಸೇರಿ 1976ರಲ್ಲಿ ಅದರ ಗ್ರಂಥವೂ ಬಂತು. ಆ ಹಾಳೆಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. ಗಿಡದ ಹೆಸರಿಗಾಗಿ ಕೂಡಿಸಿದ ಆ ಎಲೆಗಳ ಅಂಚನ್ನು ಈಗ ಹುಳುವಿನ ಗುರುತಿಗಾಗಿ ಮತ್ತೊಮ್ಮೆ ನೋಡಬಹುದು.

ಒಂದು ತೊಡಕು ಇದೆ. ಗಿಡ ಕೂಡಿಸುವವರು ಸಾಮಾನ್ಯವಾಗಿ ಚೆಂದದ, ಹರಿಯದ ಎಲೆಯನ್ನೇ ಆರಿಸುತ್ತಾರೆ. ಹಿಂದಿನ ಪಳೆಯುಳಿಕೆ ಸಂಗ್ರಹಕಾರರೂ ಹಾಗೇ ಮಾಡಿದರು. ಕಲ್ಲು ಒಡೆದಾಗ ಇಡಿಯಾದ ಎಲೆ ವಸ್ತುಸಂಗ್ರಹಾಲಯಕ್ಕೆ ಹೋಯಿತು, ಹುಳು ತಿಂದದ್ದು ಗಣಿಯ ಪಕ್ಕದ ರಾಶಿಗೆ ಹೋಯಿತು. ಎಷ್ಟು ಚರಿತ್ರೆ ಹಾಗೆ ಕಸವಾಯಿತೋ ಎಂದು ನೆನೆದರೆ ಸಂಕಟವಾಗುತ್ತದೆ. ಅದಕ್ಕೇ ಈಗ ಒಂದು ಜಾಗದಲ್ಲಿ ಸಿಕ್ಕ ಎಲೆಗಳನ್ನೆಲ್ಲ, ಆರಿಸದೆ, ಎಣಿಸುವ ಪದ್ಧತಿ ಬಂದಿದೆ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಶಾಲೆ ಕಾಲೇಜುಗಳ ಮೇಷ್ಟ್ರುಗಳಿಗೂ ಮಕ್ಕಳಿಗೂ ನನ್ನ ವಿನಂತಿ ಇಷ್ಟೇ. ವರ್ಷಕ್ಕೆ ಎರಡು ಸಲ, ಮುಂಗಾರು ಮುಗಿದ ಮೇಲೊಮ್ಮೆ, ಬೇಸಿಗೆಗೆ ಮುಂಚೆ ಇನ್ನೊಮ್ಮೆ, ಒಂದೇ ಹೊಂಗೆ ಮರದ ಅಥವಾ ಒಂದೇ ಹಲಸಿನ ಮರದ ಒಂದು ಕೊಂಬೆಯ ಎಲೆಗಳನ್ನೆಲ್ಲ, ತಿಂದದ್ದು ತಿನ್ನದ್ದು ಎಂದು ನೋಡದೆ ಕಿತ್ತು, ಹಳೆಯ ಪತ್ರಿಕೆಗಳ ನಡುವೆ ಭಾರ ಹೇರಿ ಒಣಗಿಸಿ. ಪತ್ರಿಕೆಯನ್ನು ಎರಡು ದಿನಕ್ಕೊಮ್ಮೆ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ದಪ್ಪ ಕಾಗದಕ್ಕೆ ಹೊಲಿದು ಮರದ ಹೆಸರು, ಊರು, ತಾರೀಕು ಬರೆಯಿರಿ. ಔಷಧಿ ಹೊಡೆದ ಮರವಾದರೆ ಅದನ್ನೂ ಬರೆಯಿರಿ, ಇಲ್ಲದಿದ್ದರೆ ಮುಂದೆ ಓದುವವರಿಗೆ ಲೆಕ್ಕ ತಪ್ಪುತ್ತದೆ. ಒಂದೇ ಮರವನ್ನು ಹತ್ತು ವರ್ಷ ಬಿಡದೆ ನೋಡಿದ ಶಾಲೆಯ ಕಪಾಟಿನಲ್ಲಿ 20 ಕಂತೆಗಳಿರುತ್ತವೆ. ಇರುವೆ, ಜಿರಲೆ ಮುಟ್ಟದಂತೆ ಅವನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ಇಡಬೇಕು.